ಎಂಟನೆಯ ಕಣ್ಣು

ಐದು ಎಂದವನು ತಾನಲ್ಲ, ವಿಜಯಮಹಾಂತೇಶ ಸರ್ ಎಂದು ಬಸ್ಸು ನವನಗರ ದಾಟುವವರೆಗೂ ಪ್ರೇಮಕುಮಾರನಿಗೆ ಅನ್ನಿಸುತ್ತಿತ್ತು. ದನಿ ಅವರದು, ಕೆಮ್ಮು ಅವರದು, ‘ಅಂದ್ರ ಏನಪಾ ಅಂದ್ರ’ ಎಂಬ ಪೀಠಿಕೆ ಅವರದು. ಮೂಗಿನ ಹಾದಿ ಹಿಡಿದು ನಿಧಾನವಾಗಿ ಹೊರಬಿದ್ದ ಆ ‘ಐ’ ಕೂಡ ಅವರದೇ. ಬಾಯಿ ಮಾತ್ರ ತನ್ನದು. ಬಾಯಿಯದೇನು, ಬಾಡಿಗೆ ಮನೆ, ಯಾರು ಬೇಕಾದರೂ ಬಂದು ನಾಲ್ಕು ದಿನ ಇದ್ದು ಹೋಗಲಿ ಎಂದು ತನಗೆ ತಾನೇ ಒಂದು ಜೋಕು ಹೇಳಿಕೊಂಡ, ನಗು ಬರಲಿಲ್ಲ. ತೊಡೆಯ ಮೇಲೆ ಒದ್ದೆ ಗೋಣಿತಟ್ಟಿನ ತುಂಡಿನಲ್ಲಿ ಸುತ್ತಿದ ದ್ರಾಕ್ಷಿ ಕಡ್ಡಿಗಳ ಕಟ್ಟು, ಅದರ ಕೊರಳಿಗೆ ದಾರದಿಂದ ಬಿಗಿದ ಚೀಟಿ. ಚೀಟಿಯ ಮೇಲೆ ಸರ್ ಅವರ ಪೆನ್ಸಿಲ್ ಅಕ್ಷರ: ಸಕ್ರವ್ವ, ಹುನಗುಂದ. ಎಂಟು. ಐದರ ತನಕ ಬರೇ ಎಲೆ. ಗೋಣಿಯ ನೀರು ಪ್ಯಾಂಟಿಗೆ ಇಳಿದು, ಸೀಟಿನ ಪಕ್ಕದಲ್ಲಿ ನಿಂತಿದ್ದ ಹೆಂಗಸು ಆ ಒದ್ದೆಯನ್ನು ಒಮ್ಮೆ, ಅವನ ಮುಖವನ್ನು ಒಮ್ಮೆ ನೋಡಿ ಸ್ವಲ್ಪ ಆಚೆ ಸರಿದಳು. ಕಡ್ಡಿಯ ನೀರು ರೀ ಎಂದು ಹೇಳಬೇಕೆನ್ನಿಸಿತು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ಅನುಮಾನ ಇನ್ನೂ ಹೆಚ್ಚುತ್ತದೆ ಎಂದು ಸುಮ್ಮನಾದ.

ವಿದ್ಯಾಗಿರಿಯಲ್ಲಿ ಒಂದು ಮನೆಯ ಮಾಳಿಗೆಯ ಮೇಲಿರುವ ಸರ್ ಅವರ ದ್ರಾಕ್ಷಿಕಡ್ಡಿ ಪರೀಕ್ಷಾಕೇಂದ್ರಕ್ಕೆ ದಸರೆಯ ಆಸುಪಾಸಿನಲ್ಲಿ ಬಿಡುವೆಂಬುದಿಲ್ಲ. ಅದು ದ್ರಾಕ್ಷಿ ತೋಟಗಳಲ್ಲಿ ಚಾಟ್ನಿಯ ಹೊತ್ತು; ಬಳ್ಳಿಯ ಉದ್ದುದ್ದ ಕಡ್ಡಿಗಳನ್ನು ಕತ್ತರಿಸಿ ಮೋಟು ಮಾಡಿದರೇ ಹಣ್ಣು. ಎಲ್ಲಿ ಕತ್ತರಿಸಬೇಕು ಎಂಬುದೇ ಪ್ರಶ್ನೆ. ಕಡ್ಡಿಯ ಗೆಣ್ಣು ಗೆಣ್ಣಿಗೂ ಒಂದೊಂದು ಮೊಗ್ಗು, ತೋಟದವರ ಬಾಯಲ್ಲಿ ಅದು ಕಣ್ಣು. ಕೆಲವು ಕಣ್ಣುಗಳ ಒಳಗೆ ಬರುವ ಮಾಘದ ಗೊಂಚಲು ಈಗಲೇ ರಾಗಿಕಾಳಿಗಿಂತ ಸಣ್ಣದಾಗಿ ಮುದುಡಿ ಮಲಗಿರುತ್ತದೆ; ಕೆಲವುಗಳ ಒಳಗೆ ಎಲೆ, ಬರೀ ಬಳ್ಳಿಯ ಬಡಾಯಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಪ್ರೇಮಕುಮಾರ ಬ್ಲೇಡಿನಿಂದ ಕಣ್ಣನ್ನು ಸೀಳಿ ಗಾಜಿನ ಮೇಲಿಡುತ್ತಾನೆ. ಸರ್ ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಿ, ಬುಡದಿಂದ ಇಷ್ಟು ಕಣ್ಣು ಬಿಟ್ಟು ಕಡಿಯಿರಿ ಎಂದು ಸಂಖ್ಯೆ ಹೇಳುತ್ತಾರೆ. ಗೊಂಚಲಿನ ಕಣ್ಣಿಗಿಂತ ಕೆಳಗೆ ಕಡಿದರೆ ಬಳ್ಳಿ ಸಿಟ್ಟಾಗುವುದಿಲ್ಲ, ಸಾಯುವುದಿಲ್ಲ. ಎಂದಿಗಿಂತ ಚೆಂದವಾಗಿ ಚಿಗುರಿ ಹಂದರದ ತುಂಬ ಹಸಿರು ಹಾಸಿ ನಿಲ್ಲುತ್ತದೆ. ಗೊಂಚಲು ಮಾತ್ರ ಇರುವುದಿಲ್ಲ, ಇಡೀ ವರ್ಷ. ಕಡಿದ ಕಡ್ಡಿಯನ್ನು ಮತ್ತೆ ಹಚ್ಚಿ ಕೂಡಿಸುವ ಗೋಂದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಶನಿವಾರ ಸರ್ ಬನಶಂಕರಿಯ ಕಡೆ ಯಾರದೋ ತೋಟ ನೋಡಲು ಹೋಗಿದ್ದರು. ಸಂಜೆ ನಾಲ್ಕರ ಚಹಾದ ಹೊತ್ತು. ವರದಿಗಳನ್ನು ಕಂಪ್ಯೂಟರಿಗೆ ಏರಿಸುವ ರೋಹಿಣಿ, ‘ಪ್ರೇಮಣ್ಣಾ, ಮುಂಜಾನಿಂದ ಸರ್ ಕೆಮ್ಮು ಕೇಳಿಲ್ಲ ನೋಡ್ರಿ, ಕಿವಿ ಹಸದಾವು’ ಎಂದಳು. ಅಷ್ಟು ಸಾಕಿತ್ತು, ಪ್ರೇಮಕುಮಾರನ ಅನುಕರಣೆ ಶುರುವಾಯಿತು. ಸರ್ ಚಹಾ ಆರಿಸಿ ಕುಡಿಯುವುದು, ಸರ್ ಕೀಬೋರ್ಡಿಗೆ ಬುದ್ಧಿ ಹೇಳುವುದು, ಸರ್ ಹೆಂಡತಿಗೆ ಫೋನಿನಲ್ಲಿ ‘ಹೊಂಟೇನಿ, ಹೊಂಟೇನಿ’ ಎನ್ನುತ್ತ ಕುರ್ಚಿಯಲ್ಲಿ ಇನ್ನೂ ಹಿಂದಕ್ಕೆ ಒರಗುವುದು. ರೋಹಿಣಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗಲೇ ಕೇಂದ್ರದ ಫೋನು ಬಂತು, ಪ್ರೇಮಕುಮಾರ ಅದೇ ಭರದಲ್ಲಿ ಎತ್ತಿದ, ‘ಹಲೋ’ ಎಂದದ್ದು ಸರ್. ‘ನಮಸ್ಕಾರ್ರಿ ಸರ್, ನಾ ಸಕ್ರವ್ವ, ಹುನಗುಂದದಾಕಿ. ಸೋಮವಾರ ನಜೀರಣ್ಣನ ಚಾಟ್ನಿ ಮಂದಿ ಖಾಲಿ ಅದಾರ್ರಿ. ಅವತ್ತ ಬಿಟ್ರ ಮತ್ತ ಹದಿನೈದ ದಿನ ಕೈಗೆ ಸಿಗೂದಿಲ್ಲ. ಎಷ್ಟ ಕಣ್ಣ ಇಡ್ಲಿರಿ?’ ತಡೀರಿ, ಚೀಟಿ ನೋಡಿ ಹೇಳ್ತೇನಿ ಎನ್ನಬಹುದಿತ್ತು. ಚೀಟಿ ಎರಡು ಮಾರು ದೂರದ ಟ್ರೇಯಲ್ಲಿತ್ತು. ಆದರೆ ಆ ವಾಕ್ಯದಲ್ಲಿ ಸರ್ ಇರಲಿಲ್ಲ; ಅದನ್ನು ಯಾರು ಬೇಕಾದರೂ ಹೇಳಬಹುದು. ಎದುರಿಗೆ ರೋಹಿಣಿಯ ಭುಜ ಕುಣಿಯುತ್ತಿತ್ತು. ಆರು, ಏಳು ಎಂದರೆ ನಾಲಿಗೆ ಜಾರಿ ಹೋಗುತ್ತದೆ. ಎಂಟು ಎನ್ನುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಐದು ಎಂಬುದರಲ್ಲಿ ಮಾತ್ರ ಸರ್ ಅವರ ಮೂಗು ಪೂರ್ತಿ ಹಿಡಿಸುವಷ್ಟು ಜಾಗವಿತ್ತು. ‘ಅಂದ್ರ ಏನಪಾ ಅಂದ್ರ ಸಕ್ರವ್ವಾ... ಐ...ದು. ಗೊತ್ತಾತಿಲ್ಲೋ?’ ರೋಹಿಣಿಯ ಚಹಾ ಮೂಗಿಗೆ ಏರಿತು. ‘ಆತ್ರಿ ಸರ್. ನೀವಂದ್ರ ಮುಗೀತ್ರಿ’ ಎಂದಿತು ಆ ಕಡೆಯ ದನಿ.

ತಿರುಗಿ ಫೋನು ಮಾಡಿ ಹೇಳಿದರಾಯಿತು ಎಂದುಕೊಂಡಿದ್ದ. ಆಮೇಲೆ ಯಾರೋ ಕಡ್ಡಿಯ ಚೀಲ ಹೊತ್ತು ಮೆಟ್ಟಿಲೇರಿ ಬಂದರು, ಆಮೇಲೆ ಬೀಗ ಹಾಕುವ ಹೊತ್ತಾಯಿತು. ಮರೆತೆ ಎನ್ನುವುದು ಸುಲಭ. ಭಾನುವಾರ ಮಧ್ಯಾಹ್ನ ತಾಟಿನ ಮುಂದೆ ಕುಳಿತಾಗ ನೆನಪಾಗಿತ್ತು. ಐದೇ ಇದ್ದರೂ ಇರಬಹುದಲ್ಲ ಎಂದು ಸಾರು ಹಾಕಿಕೊಂಡು ಅನ್ನ ಕಲಸಿದ್ದ. ಆ ಅನ್ನದ ತುತ್ತು ಈಗ, ಬಸ್ಸು ಕಮತಗಿಯ ಹಂಪುಗಳ ಮೇಲೆ ಹಾರಿ ಹಾರಿ ಇಳಿಯುವಾಗ, ಎದೆಯಲ್ಲಿ ಮೇಲಕ್ಕೂ ಕೆಳಕ್ಕೂ ಹೋಗದೆ ಕುಳಿತಂತಿತ್ತು. ಬೆಳಿಗ್ಗೆ ಏಳೂವರೆಗೆ ಕೇಂದ್ರ ತೆರೆದು ಕಸ ಹೊಡೆದು ಟ್ರೇ ಸರಿಸಿದಾಗ ಚೀಟಿ ಕಂಡಿತ್ತು. ಎಂಟು. ಸರ್ ಅವರ ಎಂಟು ಯಾವಾಗಲೂ ಹೊಟ್ಟೆ ತುಂಬ ದುಂಡಗೆ ಇರುತ್ತದೆ. ಕೂಡಲೇ ಕೇಂದ್ರದ ಫೋನಿನಿಂದಲೇ ಹುನಗುಂದಕ್ಕೆ ಮಾಡಿದ.

‘ಯವ್ವಾ, ನಾ ಪ್ರೇಮಕುಮಾರ ರೀ, ಬಾಗಲಕೋಟಿ ಪರೀಕ್ಷಾಕೇಂದ್ರದಿಂದ. ಐದಕ್ಕ ಕಡೀಬ್ಯಾಡ್ರಿ, ಎಂಟು ಇಡ್ರಿ.’

‘ನೀ ಯಾರಪಾ?’

‘ಇಲ್ಲೇ ಕೆಲಸ ಮಾಡ್ತೇನ್ರಿ. ಕಣ್ಣ ಸೀಳಿ ಕೊಡಾಂವ.’

‘ಸರ್ ಸ್ವಂತ ಬಾಯಿಲೆ ಐದು ಅಂದಾರ. ನಾ ಈ ಕಿವಿಲೆ ಕೇಳೇನಿ. ಸರ್ ದೊಡ್ಡಾವ್ರೋ ನೀ ದೊಡ್ಡಾವ್ನೋ?’

‘ಅವರ ದೊಡ್ಡಾವ್ರ ರೀ. ಆದ್ರ...’

‘ಮತ್ತ ಆದ್ರ ಎದಕ? ಸರ್ ಬಾಯಿಲೆ ಹೇಳ್ಸು, ಎಂಟಲ್ಲ, ಹತ್ತ ಇಡ್ತೇನಿ. ಮಂದಿ ಬಂದು ನಿಂತಾರ, ನಾ ಹೊಂಟೆ.’

ಸರ್ ಬಾಯಿಂದ ಹೇಳಿಸುವುದು. ಅದೇನು ಕಷ್ಟ. ಐದು ನಿಮಿಷ ಬಿಟ್ಟು ಗಂಟಲು ಸರಿ ಮಾಡಿಕೊಂಡು ಮತ್ತೆ ಮಾಡಿದ. ಫೋನು ಬಾರಿಸಿಯೇ ಬಾರಿಸಿತು; ಸಕ್ರವ್ವ ಅದನ್ನು ಮನೆಯಲ್ಲೇ ಚಾರ್ಜಿಗೆ ಹಚ್ಚಿ ತೋಟಕ್ಕೆ ಇಳಿದಿರಬೇಕು. ಖರೇ ಸರ್ ಇದ್ದಾರಲ್ಲ ಎಂಬುದು ಆಗ ನೆನಪಾಯಿತು. ಅವರ ನಂಬರನ್ನು ಮೂರು ಸಲ ತೆರೆದು ಮೂರು ಸಲ ಮುಚ್ಚಿದ. ಅವರು ಕೆಲಸದಿಂದ ಬಿಡಿಸುತ್ತಾರೆ ಎಂಬ ಹೆದರಿಕೆ ಇತ್ತು. ಆದರೆ ಅದು ದೊಡ್ಡದಲ್ಲ ಎಂದು ಅವನಿಗೇ ಗೊತ್ತಿತ್ತು. ಆರು ವರ್ಷದಿಂದ ತಮ್ಮ ಕೆಮ್ಮು, ತಮ್ಮ ಮೂಗು, ತಮ್ಮ ಮನೆಯ ಫೋನು, ಎಲ್ಲ ಸಂಜೆ ನಾಲ್ಕರ ಚಹಾದ ಜೊತೆ ಬಿಸ್ಕೀಟಿನಂತೆ ಹಂಚಿಕೆಯಾಗುತ್ತಿವೆ ಎಂಬುದು ಅವರಿಗೆ ತಿಳಿಯುವುದಿತ್ತಲ್ಲ, ಅದು. ಕಳೆದ ವರ್ಷ ಕೆಮ್ಮು ಹೆಚ್ಚಾಗಿ ದವಾಖಾನೆಗೆ ಹೋಗಿ ಬಂದ ದಿನ ಸರ್ ಅವನೊಬ್ಬನಿಗೇ, ‘ನಮ್ಮ ಅಪ್ಪಗೂ ಇದ ಕೆಮ್ಮ ಇತ್ತಪಾ’ ಎಂದಿದ್ದರು. ಮರುದಿನ ಪ್ರೇಮಕುಮಾರ ರೋಹಿಣಿಯ ಮುಂದೆ ಆ ಕೆಮ್ಮಿಗೆ ಒಂದು ಸುತ್ತು ಹೆಚ್ಚಿಗೆ ಕೊಟ್ಟಿದ್ದ. ರೋಹಿಣಿಗೆ ‘ಒಂದು ಕೆಲಸ ಐತಿ, ಸರ್ ಕೇಳಿದ್ರ ದವಾಖಾನಿ ಅನ್ನು’ ಎಂದು ಸಂದೇಶ ಕಳಿಸಿ, ಕಡ್ಡಿ ಕಟ್ಟು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ್ದ.

ಕಿಟಕಿಯ ಹೊರಗೆ ಸೂರ್ಯಕಾಂತಿಯ ಹೊಲವೊಂದು ಬೆನ್ನು ತಿರುಗಿಸಿ ನಿಂತಿತ್ತು. ಮುಂದಿನ ಸೀಟಿನವನು ಯಾರಿಗೋ ಫೋನಿನಲ್ಲಿ ‘ಬಂದ್ನಿ, ಹುನಗುಂದದಾಗ ಅದೇನಿ’ ಎಂದು ಇನ್ನೂ ಕಮತಗಿಯಲ್ಲೇ ಇದ್ದು ಹೇಳುತ್ತಿದ್ದ. ಪ್ರೇಮಕುಮಾರನ ಗಂಟಲೊಳಗೆ ಆ ದನಿ ತಾನಾಗಿಯೇ ತಯಾರಾಯಿತು, ‘ದ್ನಿ’ಯ ಮೇಲೆ ಒಂದು ಸಣ್ಣ ಒದೆತದ ಸಮೇತ. ಎಂಜಲು ನುಂಗಿ ಅದನ್ನು ಕೆಳಗೆ ತಳ್ಳಿದ. ಹೀಗೇ ಆಗುತ್ತದೆ, ಕೇಳಿದ್ದೆಲ್ಲ ಒಳಗೆ ಬಂದು ಕೂಡುತ್ತದೆ. ಅಪ್ಪ ತೀರಿಕೊಂಡ ವರ್ಷ, ಇನ್ನೂ ಹದಿನಾಲ್ಕು ದಿನವೂ ಆಗಿರಲಿಲ್ಲ, ನಡುಮನೆಯಲ್ಲಿ ಕುಳಿತು ಪುಸ್ತಕ ತಿರುವುತ್ತಿದ್ದವನು ಯಾಕೆಂದು ತಿಳಿಯದೆ ಅಪ್ಪನ ದನಿಯಲ್ಲಿ, ‘ಏ, ಚಾ ಆತೇನು?’ ಎಂದುಬಿಟ್ಟಿದ್ದ. ಅಡುಗೆಮನೆಯಿಂದ ಅವ್ವ, ‘ಬಂದೆ, ಬಂದೆ’ ಎಂದಳು. ಬಟ್ಟಲು ಸಾಸರಿನ ಮೇಲಿಟ್ಟ ಸಪ್ಪಳವೂ ಆಯಿತು. ಆಮೇಲೆ ಏನೂ ಇಲ್ಲ, ಎಷ್ಟೋ ಹೊತ್ತು. ಒಳಗೆ ಹೋಗಿ ನೋಡುವ ಧೈರ್ಯ ಅವನಿಗೆ ಆಗಲಿಲ್ಲ. ಅವ್ವ ಬಯ್ಯಲಿಲ್ಲ, ಅದರ ಮಾತನ್ನೇ ಎತ್ತಲಿಲ್ಲ. ಅಂದಿನಿಂದ ಅವನು ಬೇರೆ ಕೋಣೆಯಿಂದ ಏನು ಕೂಗಿದರೂ ಆಕೆ ಎದ್ದು ಬಂದು ಮುಖ ನೋಡಿದ ಮೇಲೆಯೇ ಉತ್ತರ ಕೊಡುತ್ತಾಳೆ. ಇಳಕಲ್ಲಿನಲ್ಲಿ ಕನ್ಯೆ ನೋಡಲು ಹೋದಾಗಲೂ ಹಾಗೇ. ಚಹಾ ಉಪ್ಪಿಟ್ಟು ಆದ ಮೇಲೆ ಯಾರೋ ಎತ್ತಿಕಟ್ಟಿದರು, ಬಸ್ ಕಂಡಕ್ಟರನಿಂದ ಹಿಡಿದು ಲಗ್ನದ ಸ್ವಾಮಿಯವರೆಗೆ ಹನ್ನೊಂದು ಮಂದಿಯನ್ನು ಆ ಪಡಸಾಲೆಯಲ್ಲಿ ಇಳಿಸಿದ್ದ, ಹುಡುಗಿಯ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ನಕ್ಕಿದ್ದಳು. ಮೂರನೆಯ ದಿನ ಮಾತು ಬಂತು: ‘ಹುಡುಗ ಛಲೋ ಅದಾನ ಖರೆ. ಆದ್ರ ಮನಿಯಾಗ ಯಾರ ಮಾತಾಡಾಕತ್ತಾರ ಅನ್ನೂದ ಗೊತ್ತಾಗಬೇಕಲ್ರಿ.’ ಇದನ್ನೂ ಅವನು ಆ ಬೀಗರ ದನಿಯಲ್ಲೇ ಗೆಳೆಯರಿಗೆ ಹೇಳಿ ನಗಿಸಿದ್ದ.

ಅಮೀನಗಡದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ ಎಂದು ಕಂಡಕ್ಟರ್ ಇಳಿದು ಹೋದ. ಪ್ರೇಮಕುಮಾರ ಒಂದು ಕರದಂಟಿನ ಅಂಗಡಿಯ ಹಿಂದೆ, ಖಾಲಿ ಡಬ್ಬಗಳ ಪಕ್ಕದಲ್ಲಿ ನಿಂತು ತನ್ನ ಸ್ವಂತ ಫೋನಿನಿಂದ ಏಳನೆಯ ಸಲ ಮಾಡಿದ. ಈ ಸಲ ಎತ್ತಿದಳು. ಮಂದಿಗೆ ಚಹಾ ಒಯ್ಯಲು ಮನೆಗೆ ಬಂದಿದ್ದಳೇನೋ, ಪಾತ್ರೆಗಳ ಸಪ್ಪಳವಿತ್ತು.

‘ಹಲೋ, ಯಾರ್ರಿ?’

ಅವನು ಎರಡು ಸಲ ಕೆಮ್ಮಿದ. ‘ಸಕ್ರವ್ವಾ... ಅಂದ್ರ ಏನಪಾ ಅಂದ್ರ...’

‘ಸರ್ ಅವ್ರೇನ್ರಿ? ನಂಬರ ಬ್ಯಾರೆ ಐತಲ್ರಿ! ಛಲೋ ಆತ ನೀವ ಮಾಡಿದ್ದು. ಮುಂಜಾನೆ ನಿಮ್ಮ ಆಫೀಸಿನಾಂವ ಯಾವನೋ ಫೋನ್ ಮಾಡಿ ಎಂಟು ಅಂತಾನ್ರಿ. ಹುಚ್ಚ ಇದ್ದಂಗ ಅದಾನ. ಅಂಥಾವ್ನ ಇಟಗೋಬ್ಯಾಡ್ರಿ ಸರ್, ನಿಮ್ಮ ಹೆಸರ ಕೆಡಸ್ತಾನ.’

‘ಇಲ್ಲಿಲ್ಲ, ಅಂವ... ಅಂವ ಛಲೋ ಹುಡುಗ ಸಕ್ರವ್ವಾ’ ಎಂದ. ಆ ವಾಕ್ಯ ಅರ್ಧ ದಾರಿಯವರೆಗೆ ಸರ್ ಆಗಿ ಹೋಗಿ ಉಳಿದರ್ಧ ತಾನಾಗಿ ತಲುಪಿತು. ಮೂಗು ಕೈಕೊಟ್ಟಿತ್ತು. ಅವಸರದಲ್ಲಿ, ‘ಎಂಟ ಖರೆ ರೀ. ಎಂಟ ಇಡ್ರಿ ಯವ್ವಾ’ ಎಂದ. ಸರ್ ಯಾರಿಗೂ ಯವ್ವಾ ಎನ್ನುವುದಿಲ್ಲ.

ಪಾತ್ರೆಗಳ ಸಪ್ಪಳ ನಿಂತಿತು. ‘ನೀ ಮುಂಜಾನಿಯಾಂವನ. ಸರ್ ದನಿ ಮಾಡ್ತಿಯೇನೋ ಭಾಡ್ಯಾ? ನಾಚಿಗಿ ಬರೂದಿಲ್ಲಾ?’

ಫೋನು ಇಟ್ಟಳು. ಸುಳ್ಳು ಹೇಳುವಾಗ ಬೆಣ್ಣೆಯಂತೆ ಇಳಿದ ದನಿ, ಖರೇ ಹೇಳಲು ಕರೆದಾಗ ಬರಲಿಲ್ಲ. ಅಂಗಡಿಯವನು ಹಿಂದಿನ ಬಾಗಿಲಿನಿಂದ ಇಣುಕಿ, ‘ಏನ್ರಿ, ಆರಾಮ ಇಲ್ಲೇನು? ಕೆಮ್ಮಾಕತ್ತಿದ್ರಿ’ ಎಂದ. ಅವನ ಕೈಯಲ್ಲಿ ನೀರಿನ ಚರಿಗೆ ಇತ್ತು. ಕುಡಿದ. ಕುಡಿಯುವಾಗ ಖರೇ ಕೆಮ್ಮು ಬಂತು.

ಹುನಗುಂದ ದಾಟಿ ಇಳಕಲ್ ರಸ್ತೆಯ ಮೇಲೆ ಟಂಟಂ ಆಟೋ ಇಳಿಸಿದ ಜಾಗದಿಂದ ತೋಟಕ್ಕೆ ಅರ್ಧ ಮೈಲಿ ಕಾಲುದಾರಿ. ಮೊದಲು ಓಡಿದ, ಆಮೇಲೆ ಓಡುವುದನ್ನು ಯಾರಾದರೂ ನೋಡಿಯಾರು ಎಂದು ನಡೆದ, ಮತ್ತೆ ಓಡಿದ. ತೋಟ ಕಾಣುವ ಮೊದಲೇ ಸಪ್ಪಳ ಕೇಳಿತು: ಕಟ್, ಕಟ್‌ಕಟ್, ಕಟ್. ಹತ್ತು ಹನ್ನೆರಡು ಕತ್ತರಿಗಳು ತಂತಮ್ಮೊಳಗೆ ಮಾತಾಡಿಕೊಂಡಂತೆ. ಈ ಸಪ್ಪಳವನ್ನೂ ಬಾಯಲ್ಲಿ ಮಾಡಬಹುದು, ನಾಲಿಗೆಯನ್ನು ಮೇಲಿನ ಹಲ್ಲಿಗೆ ಒತ್ತಿ, ಎಂದು ತಲೆಯ ಒಂದು ಮೂಲೆ ಹೇಳಿತು. ಆ ಮೂಲೆಗೆ ಅವನು ಹೇಸಿದ. ಹಂದರದ ಕೆಳಗೆ ಒಂದು ಕಡೆ ಎಲೆಗಳ ನೆರಳು ಇನ್ನೂ ಕಪ್ಪಗೆ ಇತ್ತು, ಇನ್ನೊಂದು ಕಡೆ ಬಿಸಿಲು ನೆಲಕ್ಕೆ ನೇರ ಬಿದ್ದಿತ್ತು. ಬಿಸಿಲಿನ ಸಾಲುಗಳನ್ನು ಎಣಿಸಿದ. ಏಳು. ಅಲ್ಲಿ ಗಿಡ್ಡ ಮೋಟುಗಳ ತುದಿಯಿಂದ ನೀರು ಹನಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಕತ್ತರಿಯವರ ಹಿಂದೆ ಹಿಂದೆ ಹೆಂಗಸರು ಕೈಗೆ ಅರಿವೆ ಸುತ್ತಿಕೊಂಡು, ಬೇಗ ಚಿಗುರಲೆಂದು ಕೆಂಪು ಬಣ್ಣ ಕಲಸಿದ ಔಷಧವನ್ನು ಒಂದೊಂದು ಕಣ್ಣಿಗೂ ಹಚ್ಚುತ್ತ ಬರುತ್ತಿದ್ದರು. ಏನೂ ಇಲ್ಲದ ಕಣ್ಣುಗಳಿಗೆ ಅಷ್ಟು ಜೋಪಾನವಾಗಿ.

‘ನಿಲ್ಲಸ್ರೀ!’

ಕತ್ತರಿಗಳು ನಿಂತವು. ಬಿಳಿಗಡ್ಡದ ನಜೀರಸಾಬ, ಆ ಗುಂಪಿನ ಹಿರಿಯ, ಮಣಿಕಟ್ಟಿಗೆ ದಾರದಿಂದ ಕಟ್ಟಿಕೊಂಡ ಕತ್ತರಿಯನ್ನು ಹಾಗೇ ಜೋತಾಡಲು ಬಿಟ್ಟು ಈಚೆ ಬಂದ. ಸಾಲಿನ ಆಚೆಯಿಂದ ಸಕ್ರವ್ವ ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ಪ್ರೇಮಕುಮಾರನಿಗೆ ಉಸಿರು ಸಿಗುತ್ತಿರಲಿಲ್ಲ. ಕಟ್ಟಿನ ಕೊರಳಿನ ಚೀಟಿಯನ್ನು ಮುಂದೆ ಹಿಡಿದ. ಆಕೆ ಅದನ್ನು ಬಿಸಿಲಿಗೆ ತಿರುಗಿಸಿ, ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರ ಓದಿದಳು.

‘ಇದು ಸರ್ ಕೈಬರಹ ಹೌದು. ಹೋದ ವರ್ಷದ ಕಾಗದದಾಗೂ ಹಿಂಗ ಇತ್ತು.’ ಚೀಟಿಯಿಂದ ಕಣ್ಣೆತ್ತಿ ಏಳು ಸಾಲುಗಳ ಕಡೆ ನೋಡಿದಳು. ‘ಹಂಗಾದ್ರ ಶನಿವಾರ ಸರ್ ಐದು ಅಂತ ಯಾಕ ಅಂದ್ರು?’

‘ನಾ ಅವಾಗ ಅಂದ್ನಲ್ರಿ ಅಕ್ಕಾರ, ಐದು ಭಾಳ ಗಿಡ್ಡ ಆಗ್ತೈತಿ ಅಂತ’ ಎಂದ ನಜೀರಸಾಬ. ಅದರಲ್ಲಿ ಗೆದ್ದ ದನಿ ಇರಲಿಲ್ಲ. ಗಡ್ಡ ಕೆರೆದುಕೊಂಡು ತಾನೇ ಸಮಾಧಾನವನ್ನೂ ಸೇರಿಸಿದ: ‘ಪಾಪ, ಅವ್ರರ ಏನ್ ಮಾಡ್ತಾರ. ನೂರಾರ ತ್ವಾಟಾ, ನೂರಾರ ಫೋನು. ಒಬ್ಬರದ್ದು ಇನ್ನೊಬ್ಬರಿಗೆ ಹೇಳಿರ್ತಾರ. ದೊಡ್ಡಾವ್ರಿಗೂ ತಪ್ಪತೈತಿ.’

ಎಲ್ಲ ತಯಾರಾಗಿತ್ತು. ನೆಪವನ್ನು ಬೇರೆಯವರೇ ಮಾಡಿ ತಾಟಿಗೆ ಬಡಿಸಿ ಮುಂದೆ ಇಟ್ಟಿದ್ದರು. ತಾನು ಹೂಂ ಎಂದರೆ ಸಾಕು. ಸರ್ ತಪ್ಪಿ ಹೇಳಿದರು, ನಂಬಿಗಸ್ಥ ಆಳು ಬೆಳಗಿನಿಂದ ಎರಡು ಸಲ ಫೋನು ಮಾಡಿ, ನಂಬದೇ ಹೋದಾಗ ಬಸ್ಸು ಹಿಡಿದು ಓಡಿ ಬಂದ. ಅವನ ಕತ್ತು ಆಗಲೇ ಅರ್ಧ ಆಡಿತ್ತು. ಸಕ್ರವ್ವ ಕೈ ಮುಂದೆ ಮಾಡಿ, ‘ತಮ್ಮಾ, ಮುಂಜಾನಿ ನಾ ನಿನಗ ಭಾಡ್ಯಾ ಅಂದೆ. ತಪ್ಪಾತಪಾ’ ಎಂದಳು.

‘ಭಾಡ್ಯಾ ಅಂದದ್ದು ಮುಂಜಾನಿಗಲ್ರಿ, ಆಮ್ಯಾಲೆ’ ಎಂದ ಪ್ರೇಮಕುಮಾರ. ಯಾಕೆ ಆ ಮಾತು ಮೊದಲು ಬಂತೋ ಗೊತ್ತಿಲ್ಲ. ‘ಅದೂ ಖರೇನ ಅಂದೀರಿ. ಶನಿವಾರ ಐದು ಅಂದದ್ದು ಸರ್ ಅಲ್ರಿ. ನಾ.’

‘ನೀ ಏನು?’

‘ಸರ್ ಊರಾಗ ಇರ್ಲಿಲ್ಲ. ಫೋನ್ ನಾ ಎತ್ತಿದ್ದೆ. ಅವ್ರ ದನಿ ಮಾಡಾಕತ್ತಿದ್ದೆ, ಸುಮ್ನ ಚಾಷ್ಟಿಗೆ. ಚೀಟಿ ನೋಡ್ಲಿಲ್ಲ.’

‘ಸುಳ್ಳ. ಸರ್ ಮ್ಯಾಲಿನ ತಪ್ಪು ನಿನ್ನ ಮ್ಯಾಲೆ ಹಾಕ್ಕೋಬ್ಯಾಡ. ಐದ ವರ್ಷದಿಂದ ಆ ದನಿ ಕೇಳಾಕತ್ತೇನಿ ನಾ. ಮತ್ತ ಇವತ್ತ ನೀ ಮಾಡಿದ್ದೂ ಕೇಳೀನಲ್ಲ, ಅದಕ್ಕ ಇದಕ್ಕ ಎಲ್ಲಿಂದೆಲ್ಲಿಗೆ!’

ಹೆಂಗಸರು ಔಷಧದ ಡಬ್ಬಿ ಕೆಳಗಿಟ್ಟು ಹತ್ತಿರ ಬಂದಿದ್ದರು. ಅವರಲ್ಲೊಬ್ಬಳು, ನಜೀರಸಾಬನ ಸೊಸೆ ಜೈನಬಿ, ಕೆಂಪು ಕೈಯನ್ನು ಮೈಯಿಂದ ದೂರ ಹಿಡಿದು, ‘ಹಂಗಾದ್ರ ಆಡಿ ತೋರಸ್ಲಿ ಬಿಡ್ರಿ ಅತ್ತೀ’ ಎಂದಳು. ಸಕ್ರವ್ವ, ‘ಹೂಂ, ತೋರ್ಸು’ ಎಂದಳು.

ಬೇಡವೆಂದಿದ್ದರೆ ಆಗುತ್ತಿತ್ತು. ಆದರೆ ತಪ್ಪನ್ನು ಮಾಡಿ ತೋರಿಸಿದ ಹೊರತು ತಪ್ಪು ತನ್ನದಾಗುವಂತಿರಲಿಲ್ಲ. ಕಡ್ಡಿ ಕಟ್ಟನ್ನು ಕಂಬಕ್ಕೆ ಒರಗಿಸಿ ನೆಟ್ಟಗೆ ನಿಂತ, ಕಣ್ಣು ಮುಚ್ಚಿದ. ಗಂಟಲು ಬರಲಾರದು ಎಂದುಕೊಂಡ, ಬಂತು. ಎರಡು ಕೆಮ್ಮು ಬಂದವು, ಎರಡನೆಯದು ಸರ್ ಅವರಿಗೆ ಅವರ ಅಪ್ಪನಿಂದ ಬಂದ ಕೆಮ್ಮು. ಮೂಗು ಬಂತು. ಕನ್ನಡಕವನ್ನು ಹಣೆಗೇರಿಸುವ ಆ ಬೆರಳೂ, ಕನ್ನಡಕವಿಲ್ಲದೆ, ಬಂತು. ‘ಅಂದ್ರ ಏನಪಾ ಅಂದ್ರ ಸಕ್ರವ್ವಾ... ಐ...ದು. ಗೊತ್ತಾತಿಲ್ಲೋ?’ ಜೈನಬಿ ‘ಯಾ ಅಲ್ಲಾ’ ಎಂದು ಕೆಂಪು ಕೈಯನ್ನೇ ಬಾಯಿಗೆ ಒಯ್ಯಲು ಹೋಗಿ ತಡೆದುಕೊಂಡಳು, ಹೆಂಗಸರೆಲ್ಲ ನಕ್ಕರು, ಕತ್ತರಿಯವರು ನಕ್ಕರು, ನಜೀರಸಾಬನ ಗಡ್ಡ ಕೂಡ ಅಲುಗಾಡಿತು. ಶನಿವಾರದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಪ್ರೇಮಕುಮಾರನ ಎದೆ ಅಭ್ಯಾಸ ಬಲದಿಂದ ಒಂದು ಗೇಣು ಉಬ್ಬಿ, ಉಬ್ಬಿದ್ದು ತಿಳಿದ ಕೂಡಲೇ ಕುಸಿಯಿತು.

ಸಕ್ರವ್ವ ನಕ್ಕಿರಲಿಲ್ಲ. ‘ಹೌದು. ಇದ ದನಿ’ ಎಂದಳು. ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡಳು. ‘ನಾ ಅವತ್ತ ನಮಸ್ಕಾರ ಅಂದೆ. ಫೋನ್ ಹಿಡದ ಕೈ ಎತ್ತಿ ನಮಸ್ಕಾರ ಮಾಡಿದೆ. ಯಾರಿಗ ಮಾಡಿದ್ನೋ.’

ಆಕೆ ಹಳೆಯ ಸೀರೆಯೊಂದನ್ನು ತರಿಸಿ ಉದ್ದುದ್ದ ಹರಿದು, ಕಡಿದು ಮುಗಿದ ಏಳು ಸಾಲುಗಳ ಮೊದಲ ಕಂಬಕ್ಕೆ ಒಂದೊಂದು ಪಟ್ಟಿ ಕಟ್ಟಿದಳು. ಮೊದಲ ಸಾಲಿನ ಮೊದಲ ಬಳ್ಳಿಗೆ ಅರಿಷಿಣ ಕುಂಕುಮ ಹಚ್ಚಿತ್ತು. ಪೂಜೆ ಮಾಡಿ ಅಲ್ಲಿ ಮೊದಲ ಕತ್ತರಿ ಹಾಕಿದ್ದು ಆಕೆಯ ಕೈಯೇ. ಆ ಕಂಬಕ್ಕೆ ಕಟ್ಟುವಾಗ ಮಾತ್ರ ಗಂಟು ಎರಡು ಸಲ ಬಿಚ್ಚಿತು. ‘ಮಾಘದಾಗ ಬಾ’ ಎಂದಳು ತಿರುಗದೆ. ‘ಇವ ಏಳೂ ಸಾಲು ಭಾಳ ಚೆಂದ ಕಾಣ್ತಾವು. ಹಸರ ಅಂದ್ರ ಹಸರು. ಬಂದ ನೋಡಿ ಹೋಗು.’

‘ಬರ್ತೇನ್ರಿ.’

‘ಸರ್‌ಗ ನಾ ಏನೂ ಹೇಳೂದಿಲ್ಲ.’

ಅವನ ಉಸಿರು ಸಡಿಲಾಗುವಷ್ಟರಲ್ಲಿ ಆಕೆ ಮುಂದುವರಿಸಿದಳು: ‘ನೀ ಹೇಳ್ತಿ.’

ನಜೀರಸಾಬನ ಗುಂಪಿನಲ್ಲಿ ಒಂದು ಪದ್ಧತಿ. ಸಾಲು ಶುರುವಾಗುವಾಗ ಹಿರಿಯ ತಲೆಗಂಬದ ಹತ್ತಿರ ನಿಂತು ಎಷ್ಟು ಕಣ್ಣು ಎಂದು ಒಮ್ಮೆ ಗಟ್ಟಿಯಾಗಿ ಕೂಗುತ್ತಾನೆ. ಆ ಸಾಲು ಮುಗಿಯುವವರೆಗೆ ಮತ್ತೆ ಯಾರೂ ಆ ಸಂಖ್ಯೆ ಎತ್ತುವುದಿಲ್ಲ, ಕೇಳುವುದೂ ಇಲ್ಲ. ಕೂಗಿದವನ ಮೇಲೆ ಆ ಸಾಲು. ‘ನಜೀರಣ್ಣಾ, ಇವತ್ತ ನೀ ಕೂಗಬ್ಯಾಡ’ ಎಂದಳು ಸಕ್ರವ್ವ. ‘ಉಳದದ್ದು ಇಪ್ಪತ್ತೇಳ ಸಾಲು ಐತಿ. ಅಷ್ಟಕ್ಕೂ ಇಂವ ಕೂಗ್ಲಿ. ಸರ್ ದನಿಯಾಗ ಬ್ಯಾಡ.’

ಎಂಟನೆಯ ಸಾಲಿನ ತಲೆಗಂಬಕ್ಕೆ ಹೋಗಿ ನಿಂತ. ಬಾಯಿ ತೆರೆದ. ಸಂಖ್ಯೆ ಗಂಟಲಿನ ತನಕ ಬಂದು ಯಾರ ಅಂಗಿ ತೊಡಲಿ ಎಂದು ಕೇಳಿದಂತೆ ನಿಂತಿತು: ನಜೀರಸಾಬನ ಅಂಗಿ ಇತ್ತು, ಕಂಡಕ್ಟರನದು ಇತ್ತು, ಅಪ್ಪನದು ಇತ್ತು. ಎಲ್ಲರೂ ಕಾಯುತ್ತಿದ್ದರು. ‘ಎಂಟು’ ಎಂದ. ಪಕ್ಕದವನಿಗೂ ಕೇಳಲಿಲ್ಲ. ‘ಗಟ್ಟಿ ಕೂಗೋ, ಸಾಲಿನ ಕಟ್ಟಕಡೀ ಗಿಡದಾವ್ರಿಗೆ ಕನಸ ಬೀಳತೈತೇನು?’ ಎಂದ ನಜೀರಸಾಬ. ‘ಎಂಟೂ!’ ಎಂದು ಕೂಗಿದ. ಕತ್ತರಿಗಳು ಹೊರಟವು. ಸಾಲು ಮುಗಿಯುವ ತನಕ ಜೊತೆಗೇ ನಡೆದು ಒಂದೊಂದು ಕಡ್ಡಿಯ ಕಣ್ಣು ಎಣಿಸಿದ. ಬುಡದಿಂದ ಒಂದು, ಎರಡು, ಆರರಲ್ಲಿ ಸ್ವಲ್ಪ ಉಬ್ಬು, ಏಳು, ಎಂಟು, ಕಟ್. ಬ್ಲೇಡಿಲ್ಲದೆ ಕಣ್ಣನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಮತ್ತೆ ತಲೆಗಂಬ, ಮತ್ತೆ ‘ಎಂಟೂ!’ ಹತ್ತನೆಯ ಸಾಲಾಯಿತು, ಹನ್ನೆರಡನೆಯದಾಯಿತು. ಬಿಸಿಲು ನೆತ್ತಿಗೆ ಬಂತು. ಗಂಟಲು ಹರಿದ ಗೋಣಿಯಂತಾಯಿತು. ಹದಿನಾಲ್ಕನೆಯ ಸಾಲಿನ ತುದಿಯಲ್ಲಿ ನೀರು ಕುಡಿಯಲು ಬಗ್ಗಿದಾಗ ಹಿಂದಿನಿಂದ ಒಂದು ದನಿ ಕೇಳಿತು: ‘ಎಂಟೂ!’ ತೆಳುವಾದ ದನಿ. ‘ಟೂ’ ಬರುವಾಗ ಕೊನೆಗೆ ಸ್ವಲ್ಪ ಮೇಲೇರಿ, ಒಳಗೆ ಬರಲೇನ್ರಿ ಎಂದು ಬಾಗಿಲಲ್ಲಿ ನಿಂತವನು ಕೇಳಿದ ಹಾಗೆ. ಹೆಂಗಸರು ನಕ್ಕರು. ಎರಡು ಮಾತು ಕೇಳಿದರೆ ಊರಿನ ಯಾರನ್ನಾದರೂ ಗುರುತಿಸುವ ಪ್ರೇಮಕುಮಾರ ಚರಿಗೆ ಹಿಡಿದು ಹಾಗೇ ನಿಂತು, ಇದು ಯಾರು, ಎಲ್ಲಿ ಕೇಳಿದ್ದೇನೆ, ಪಾಪ ಹೆದರಿದ ಪ್ರಾಣಿ ಇದ್ದಂತಿದೆ ಎಂದು ಯೋಚಿಸಿದ. ಸಿಗಲಿಲ್ಲ. ತಿರುಗಿ ನೋಡಿದರೆ ಜೈನಬಿ, ಎದೆ ಸ್ವಲ್ಪ ಒಳಗೆ ಎಳೆದುಕೊಂಡು, ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದು ನಿಂತಿದ್ದಳು. ತನ್ನ ಕೈಗಳನ್ನು ನೋಡಿಕೊಂಡ. ಅವೂ ಹಾಗೇ ಇದ್ದವು; ಚರಿಗೆ ಹಿಡಿದ ಕೈಯ ಮಣಿಕಟ್ಟನ್ನು ಇನ್ನೊಂದು ಕೈ ಹಿಡಿದಿತ್ತು.

‘ಸಿಟ್ಟಾಗಬ್ಯಾಡ್ರಿ ಅಣ್ಣಾ’ ಎಂದಳು ಜೈನಬಿ. ಅವನು ಇಲ್ಲ ಎಂದು ತಲೆಯಾಡಿಸಿದ. ‘ಇನ್ನೊಮ್ಮೆ ಮಾಡಿ ತೋರ್ಸವ್ವಾ’ ಎನ್ನಬೇಕೆನ್ನಿಸಿತ್ತು.

ಕಿಸೆಯಲ್ಲಿ ಫೋನು ನಡುಗಿತು. ವಿಜಯಮಹಾಂತೇಶ ಸರ್. ಹದಿನೈದನೆಯ ಸಾಲಿನ ತಲೆಗಂಬದ ಹತ್ತಿರ ಕತ್ತರಿಯವರು ನಿಂತು ಅವನ ಕಡೆ ನೋಡುತ್ತಿದ್ದರು. ಸಕ್ರವ್ವ ಎರಡು ಸಾಲು ಆಚೆ, ಬಗ್ಗಿ ಕಡಿದ ಕಡ್ಡಿ ಆಯುತ್ತಿದ್ದವಳು, ಬೆನ್ನು ನೆಟ್ಟಗೆ ಮಾಡಿದಳು. ಎತ್ತಿದ.

‘ಹಲೋ’ ಎಂದ.

‘ಯಾರು?’ ಎಂದರು ಸರ್. ಒಂದು ಕೆಮ್ಮು. ‘ಇದು ಪ್ರೇಮಕುಮಾರನ ಫೋನ್ ಅಲ್ಲೇನು? ಯಾರಪಾ ನೀ?’

‘ನಾನ ರೀ ಸರ್.’

‘ನಾನ ಅಂದ್ರ ಯಾರು? ಪ್ರೇಮಕುಮಾರ ಎಲ್ಲಿ? ದವಾಖಾನಿಗೆ ಹೋಗ್ಯಾನಂತ, ಏನರ ಹೆಚ್ಚು ಕಡಿಮಿ ಆಗೈತೇನು? ಹೇಳು!’

ಆ ದನಿಯಲ್ಲಿ ಗಾಬರಿ ಇತ್ತು. ಆರು ವರ್ಷದಲ್ಲಿ ಸರ್ ಅವರ ಎಲ್ಲ ದನಿಗಳನ್ನೂ ಅವನು ತೆಗೆದಿದ್ದ. ಇದೊಂದನ್ನು ಕೇಳಿಯೇ ಇರಲಿಲ್ಲ. ಅದು ಒಳಗೆ ಇಳಿದು ಉಳಿದವುಗಳ ಸಾಲಿನಲ್ಲಿ ಹೋಗಿ ಕೂಡುವುದನ್ನು ಕಾದ. ಕೂಡಲಿಲ್ಲ, ಕಿವಿಯ ಬಾಗಿಲಲ್ಲೇ ನಿಂತು ಉತ್ತರ ಕೇಳುತ್ತಿತ್ತು.

ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಸಾಲಿನ ಕಡೆ ತಿರುಗಿ, ‘ಎಂಟೂ!’ ಎಂದು ಕೂಗಿದ. ಕತ್ತರಿಗಳು ಹೊರಟವು. ಕೈ ತೆಗೆದ.

‘ಪ್ರೇಮಕುಮಾರನ ರೀ ಸರ್, ಗಂಟಲ ಒಡದೈತಿ’ ಎಂದ. ‘ಶನಿವಾರ ಸಂಜಿಮುಂದ ನೀವು ಬನಶಂಕರಿಗೆ ಹೋಗಿದ್ರಲ್ರಿ...’